ರೂಟರ್ ಉಳಿಸಿಕೊಳ್ಳದ ಸಾಲು

ಲಾಕ್‌ಡೌನ್ ಮುಗಿದು ಎರಡು ವರ್ಷವಾಗಿತ್ತು. ದೊಡ್ಡದೊಂದು ದೂರಸಂಪರ್ಕ ಕಂಪನಿಯ ನೆಟ್‌ವರ್ಕ್ ವಿಭಾಗದಲ್ಲಿ ಇಪ್ಪತ್ತೇಳು ವರ್ಷ ದುಡಿದು, ಕೊನೆಯ ಆರು ವರ್ಷ ಮುಂಬಯಿ ವಲಯದ ಹೊಣೆ ಹೊತ್ತು, ನಾನು ನಿವೃತ್ತಳಾಗಿ ಹತ್ತು ತಿಂಗಳು ಕಳೆದಿತ್ತು. ಚೆಂಬೂರಿನ ಮನೆಯಲ್ಲಿ ಕೂತು ಸಣ್ಣ ಸಣ್ಣ ಇಂಟರ್ನೆಟ್ ಕಂಪನಿಗಳಿಗೆ ಸಲಹೆ ಕೊಡುವ ಕೆಲಸ ಹಿಡಿದಿದ್ದೆ. ಸಲಹೆ ಎಂದರೆ ಮುಕ್ಕಾಲು ಪಾಲು ಬೈಗುಳವೇ. ನನ್ನ ನಾಲಿಗೆಯ ಬಗ್ಗೆ ಮುಂಬಯಿಯ ಈ ಲೈನಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೂ ಕರೆಯುತ್ತಿದ್ದರು, ಏಕೆಂದರೆ ಇಪ್ಪತ್ತೇಳು ವರ್ಷದಲ್ಲಿ ನನ್ನ ಕೈಯಿಂದ ಒಂದೇ ಒಂದು ದೊಡ್ಡ ಎಡವಟ್ಟು ಆಗಿರಲಿಲ್ಲ. ಹಾಗೆಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ ಕೂಡ.

ಒಂದು ಸೋಮವಾರ ಮಧ್ಯಾಹ್ನ ಸದಾನಂದನ ಫೋನ್ ಬಂತು. ಕುಂದಾಪುರದ ಕಡೆಯವನು. ಅವನ ಅಣ್ಣನ ಹೋಟೆಲು ನಮ್ಮ ಚೆಂಬೂರಿನಲ್ಲೇ ಇದ್ದುದರಿಂದ ಮೂವತ್ತು ವರ್ಷದ ಪರಿಚಯ. ಹೋಟೆಲಿನ ಗಲ್ಲಾದಲ್ಲಿ ಕೂರಲು ಒಲ್ಲೆನೆಂದು ಗೋರೆಗಾಂವ್‌ಗೆ ಹೋಗಿ ಕೇಬಲ್ ಟಿವಿ ಶುರು ಮಾಡಿದ್ದ. ಕಾಲ ಬದಲಾದಂತೆ ಅದೇ ಕಂಬ, ಅದೇ ಕಟ್ಟಡಗಳ ಮೇಲೆ ಇಂಟರ್ನೆಟ್ ತಂತಿ ಎಳೆದು ಸುಮಾರು ಆರು ಸಾವಿರ ಮನೆಗಳಿಗೆ ಸಂಪರ್ಕ ಕೊಟ್ಟಿದ್ದ. ಸಾಮಾನ್ಯವಾಗಿ ಮಾತಿಗೆ ಮೊದಲೇ ನಗುವವನು ಅವತ್ತು ನೇರ ವಿಷಯಕ್ಕೆ ಬಂದ.

"ವಸಂತಿ ಅಕ್ಕ, ಎಕ್ಸ್‌ಚೇಂಜಿನವರು ನಮ್ಮ ಪೋರ್ಟ್ ಬಂದ್ ಮಾಡಿದ್ರು ಮಾರಾಯ್ರೆ. ನೀವೊಮ್ಮೆ ಬರ್ಬೇಕಿತ್ತು."

ಇಂಟರ್ನೆಟ್ ಎಕ್ಸ್‌ಚೇಂಜ್ ಎಂದರೇನು ಎಂದು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ದಾದರ್ ಸ್ಟೇಷನ್ ಗೊತ್ತಲ್ಲ, ವೆಸ್ಟರ್ನ್ ಲೈನಿನವರೂ ಸೆಂಟ್ರಲ್ ಲೈನಿನವರೂ ಅಲ್ಲಿ ಇಳಿದು ಗಾಡಿ ಬದಲಿಸುತ್ತಾರೆ. ಎಕ್ಸ್‌ಚೇಂಜೂ ಅಂಥದೇ. ಒಂದು ಕಟ್ಟಡದಲ್ಲಿ ಹತ್ತಾರು ತಂತಿಗಳನ್ನು ಒಂದಕ್ಕೊಂದು ಸೇರಿಸುವ ದೊಡ್ಡ ದೊಡ್ಡ ಸ್ವಿಚ್‌ಗಳಿರುತ್ತವೆ. ಊರಿನ ಇಂಟರ್ನೆಟ್ ಕಂಪನಿಗಳೆಲ್ಲ ತಮ್ಮ ತಮ್ಮ ತಂತಿಯನ್ನು ಅಲ್ಲಿಗೆ ತಂದು ಒಂದೊಂದು ಪೋರ್ಟಿಗೆ ಚುಚ್ಚಿ, ಒಬ್ಬರ ಟ್ರಾಫಿಕ್ಕನ್ನು ಇನ್ನೊಬ್ಬರಿಗೆ ನೇರವಾಗಿ ಕೈಬದಲಾಯಿಸುತ್ತವೆ. ಇಲ್ಲದಿದ್ದರೆ ಗೋರೆಗಾಂವ್‌ನಿಂದ ಪಕ್ಕದ ಬಡಾವಣೆಗೆ ಕಳಿಸಿದ ವಿಡಿಯೊ ಯಾವುದೋ ದೂರದ ಊರು ಸುತ್ತಿ ಬರಬೇಕು. ಅಲ್ಲಿ ಪ್ರತಿಯೊಂದು ಕಂಪನಿಯ ರೂಟರೂ "ಇಂತಿಂಥ ವಿಳಾಸಗಳಿಗೆ ನನ್ನ ಮೂಲಕ ದಾರಿಯಿದೆ" ಎಂದು ಉಳಿದವರಿಗೆ ಸಾರುತ್ತದೆ. ಈ ಸಾರುವಿಕೆಯ ಭಾಷೆಗೆ ಬಿಜಿಪಿ ಎನ್ನುತ್ತೇವೆ. ಮುಖ್ಯವಾದ ಮಾತೆಂದರೆ, ಇಲ್ಲಿ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಬಹುಮಟ್ಟಿಗೆ ನಂಬುತ್ತಾರೆ.

ಆ ಸೋಮವಾರ ಬೆಳಿಗ್ಗೆ ಸದಾನಂದನ ಕಂಪನಿ ಮೊದಲ ಬಾರಿಗೆ ಎಕ್ಸ್‌ಚೇಂಜಿಗೆ ಸೇರಿತ್ತು. ಅವನ ಬಳಿ ಇದ್ದದ್ದು ಹದಿನಾಲ್ಕು ವಿಳಾಸ ಗುಂಪುಗಳು. ಸಾರಬೇಕಾದದ್ದು ಆ ಹದಿನಾಲ್ಕನ್ನು ಮಾತ್ರ. ಆದರೆ ಅವನ ರೂಟರ್ ಇಡೀ ಪ್ರಪಂಚದ ಇಂಟರ್ನೆಟ್‌ಗೇ ತನ್ನ ಮೂಲಕ ದಾರಿಯಿದೆ ಎಂದು ಲಕ್ಷಗಟ್ಟಲೆ ದಾರಿಗಳನ್ನು ಸಾರಿಬಿಟ್ಟಿತು. ಇದಕ್ಕೆ ರೂಟ್ ಲೀಕ್ ಎಂದು ಹೆಸರು. ಎಕ್ಸ್‌ಚೇಂಜಿನ ಸ್ವಂತ ಸರ್ವರ್ ಇದನ್ನು ಕಂಡ ಕೂಡಲೇ ಬಾಗಿಲು ಹಾಕಿಕೊಂಡಿತು. ಆದರೆ ಸದಾನಂದನ ಕಂಪನಿಯೊಂದಿಗೆ ನೇರ ಸಂಬಂಧ ಮಾಡಿಕೊಂಡಿದ್ದ ಇನ್ನೊಂದು ಸಣ್ಣ ಕಂಪನಿ ನಂಬಿತು. ತನ್ನ ಟ್ರಾಫಿಕ್ಕನ್ನೆಲ್ಲ ಸದಾನಂದನ ಸಣ್ಣ ಪೈಪಿನೊಳಗೆ ಸುರಿಯಿತು. ಆ ಕಂಪನಿಯ ಗಿರಾಕಿಗಳಲ್ಲಿ ಪರೇಲ್‌ನ ಒಂದು ಆಸ್ಪತ್ರೆಯೂ ಇತ್ತು. ನಲವತ್ತೇಳು ನಿಮಿಷ ಅಲ್ಲಿ ರಕ್ತಪರೀಕ್ಷೆಯ ವರದಿಗಳು ವಾರ್ಡಿಗೆ ಹೋಗಲಿಲ್ಲ, ಓಪಿಡಿ ಚೀಟಿಗಳು ಹೊರಬರಲಿಲ್ಲ. ಸಿಬ್ಬಂದಿ ಕೈಯಲ್ಲೇ ಬರೆದುಕೊಟ್ಟು ನಿಭಾಯಿಸಿದರು. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ.

ಎಕ್ಸ್‌ಚೇಂಜಿನವರು ಮೂರು ದಿನದ ಗಡುವು ಕೊಟ್ಟಿದ್ದರು. ಏನಾಯಿತು, ಏಕಾಯಿತು, ಮತ್ತೆ ಆಗದಂತೆ ಏನು ಮಾಡುತ್ತೀರಿ ಎಂಬ ವರದಿ ಹಿಡಿದು ಗುರುವಾರ ಹನ್ನೊಂದಕ್ಕೆ ಪರೇಲ್‌ನ ಅವರ ಕಚೇರಿಗೆ ಬರಬೇಕು. ಒಪ್ಪಿಗೆಯಾಗದಿದ್ದರೆ ಪೋರ್ಟ್ ಶಾಶ್ವತವಾಗಿ ಹೋಯಿತು. ಆ ವರದಿ ಬರೆಯಲು ನಾನು ಬೇಕಾಗಿದ್ದೆ.

ಅವತ್ತೇ ವಡಾಲದಲ್ಲಿ ಗಾಡಿ ಬದಲಿಸಿ ಗೋರೆಗಾಂವ್ ಲೋಕಲ್ ಹಿಡಿದೆ. ಸದಾನಂದನ ಕಚೇರಿ ಸ್ಟೇಷನ್ ಹತ್ತಿರದ ಹಳೇ ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿ. ಒಳಗೆ ಕಾಲಿಟ್ಟರೆ ರೂಟರಿಗೆ ಕುಂಕುಮ ಹಚ್ಚಿದೆ, ರ‍್ಯಾಕಿಗೆ ಸೇವಂತಿಗೆ ಮಾಲೆ ಬಿದ್ದಿದೆ, ಕೆಳಗೆ ಹೋಳು ಮಾಡಿದ ನಿಂಬೆಹಣ್ಣು. ಇಂಥ ಕೆಲಸವನ್ನು ಟ್ರಾಫಿಕ್ ಇಳಿದ ಮೇಲೆ ಮಾಡುವುದು ವಾಡಿಕೆ. ಹಾಡುಹಗಲು ಯಾಕೆ ಮಾಡಿದಿರಿ ಎಂದು ಕೇಳಿದೆ. ಭಟ್ಟರು ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ ಮುಹೂರ್ತ ಇಟ್ಟುಕೊಟ್ಟಿದ್ದರಂತೆ. ಅದೇ ನಿಮಿಷಕ್ಕೆ ಕಾಯಿ ಒಡೆದು ಪೋರ್ಟ್ ಚಾಲೂ ಮಾಡಿದರಂತೆ. ಆಸ್ಪತ್ರೆಯಲ್ಲಿ ಜನ ಕಿಕ್ಕಿರಿದಿರುವ ಹೊತ್ತು ಅದು. ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಪೇಢೆಯ ಡಬ್ಬಿ ಇನ್ನೂ ಮೇಜಿನ ಮೇಲೆಯೇ ತೆರೆದಿತ್ತು.

ರೂಟರಿಗೆ ಆಜ್ಞೆಗಳನ್ನು ಬರೆದು ಕಾನ್ಫಿಗರ್ ಮಾಡಿದವನು ಬಸವರಾಜ. ಮೂವತ್ತನಾಲ್ಕರ ಆಸುಪಾಸು. ವಿಜಯಪುರ ಜಿಲ್ಲೆಯ ಇಂಡಿ ಕಡೆಯಿಂದ ಹತ್ತೊಂಬತ್ತನೇ ವಯಸ್ಸಿಗೆ ಕೇಬಲ್ ಹೂಳುವ ಗುಂಡಿ ತೋಡಲು ಬಂದವನು. ಗುದ್ದಲಿ ಬಿಟ್ಟು ಫೈಬರ್ ಜೋಡಿಸಲು ಕಲಿತ, ಆಮೇಲೆ ಸ್ವಿಚ್, ಆಮೇಲೆ ರೂಟರ್. ಯಾವ ಕಾಲೇಜಿಗೂ ಹೋಗದೆ, ನೋಡಿ ನೋಡಿ ಕಲಿತದ್ದು. ನಾನು ಹೋದಾಗ ಗೋಡೆಗೆ ಒರಗದೆ, ಕುರ್ಚಿಯಲ್ಲಿ ಕೂರದೆ ನಿಂತೇ ಇದ್ದ.

ಸದಾನಂದ ನನ್ನನ್ನು ಪಕ್ಕದ ಕೋಣೆಗೆ ಕರೆದು, ಬಸವರಾಜನನ್ನು ಕೆಲಸದಿಂದ ತೆಗೆಯುವ ಪತ್ರ ಆಗಲೇ ಟೈಪಾಗಿದೆ ಎಂದ. ವರದಿಯಲ್ಲಿ ಅವನ ಹೆಸರು ಹಾಕಿ, ತಪ್ಪು ಮಾಡಿದವನನ್ನು ತೆಗೆದಾಯಿತು ಎಂದು ಬರೆದರೆ ಎಕ್ಸ್‌ಚೇಂಜಿನವರಿಗೆ ಸಮಾಧಾನವಾಗುತ್ತದೆ ಎಂಬುದು ಅವನ ಲೆಕ್ಕಾಚಾರ.

"ನನಗೂ ಬೇಜಾರುಂಟು ಅಕ್ಕ. ಹದಿನೈದು ವರ್ಷದಿಂದ ಇದ್ದವ. ಆದ್ರೆ ಅವರಿಗೆ ಒಂದು ಹೆಸರು ಬೇಕಲ್ಲ. ಆರು ಸಾವಿರ ಮನೆ ಉಂಟು ನನ್ನ ತಲೆ ಮೇಲೆ."

ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಅದರಲ್ಲಿ ಅನ್ಯಾಯವೇನೂ ಕಾಣಲಿಲ್ಲ. ಆಚೆ ಬಂದು ಬಸವರಾಜನನ್ನು ಅರ್ಧ ಗಂಟೆ ತರಾಟೆಗೆ ತೆಗೆದುಕೊಂಡೆ. ಚಾಲೂ ಮಾಡಿದ ಮೇಲೆ ಏನನ್ನು ಪರೀಕ್ಷಿಸಿದೆ ಎಂದು ಕೇಳಿದೆ. ಗಿರಾಕಿಗಳ ಮನೆಯಲ್ಲಿ ವಿಡಿಯೊ ಚುರುಕಾಗಿ ಬರುತ್ತಿದೆಯೇ ಎಂದು ನೋಡಿದ್ದನಂತೆ. ಕೇಬಲ್ ಲೈನಿನಿಂದ ಬಂದವರ ಅಭ್ಯಾಸವೇ ಅದು. ಮನೆಯೊಳಗೆ ಚಿತ್ರ ಬಂತೇ, ಬಂತು, ಕೆಲಸ ಮುಗಿಯಿತು. ಟಿವಿಯ ಕಾಲದಲ್ಲಿ ಮನೆಯಿಂದ ವಾಪಸು ಹೋಗುವಂಥದ್ದು ಏನೂ ಇರಲಿಲ್ಲ.

"ಒಳಗ ಬರೋದು ನೋಡಿದ್ನ್ರಿ ಮೇಡಂ. ಹೊರಗ ಏನ್ ಹೊಂಟೈತಿ ಅಂತ ನೋಡಬೇಕು ಅನ್ನೂದು ನನಗ ಯಾರೂ ಹೇಳಿದ್ದಿಲ್ರಿ," ಎಂದ. ತಲೆ ತಗ್ಗಿಸಿರಲಿಲ್ಲ, ವಾದಿಸಲೂ ಇಲ್ಲ.

ಆಮೇಲೆ ರೂಟರಿನ ಕಾನ್ಫಿಗರೇಶನ್ ತೆರೆಸಿ ಸಾಲು ಸಾಲಾಗಿ ಓದಲು ಕೂತೆ. ಸ್ವಿಚ್ಚಿನ ಕಡೆಯ ಕೆಲಸ ನೋಡಿ ಬೆರಗಾಯಿತು. ಎಕ್ಸ್‌ಚೇಂಜಿನ ಕಡೆಗೆ ಒಂದೇ ಒಂದು ಮ್ಯಾಕ್ ವಿಳಾಸ, ಅಂದರೆ ಒಂದೇ ಯಂತ್ರದ ಗುರುತು, ಕಾಣಬೇಕು ಎಂಬುದು ನಿಯಮ. ಅದನ್ನು ಪಾಲಿಸಿದ್ದ. ಸ್ವಿಚ್‌ಗಳು ತಮ್ಮ ತಮ್ಮೊಳಗೆ ಆಡುವ ಅನಗತ್ಯ ಮಾತುಗಳನ್ನೆಲ್ಲ ಆ ಪೋರ್ಟಿನಲ್ಲಿ ಮುಚ್ಚಿದ್ದ. ಒಳಗೆ ಬರುವ ದಾರಿಗಳಿಗೆ ಮಿತಿ ಹಾಕಿದ್ದ. ನನ್ನ ಹಳೇ ಕಂಪನಿಯ ಡಿಗ್ರಿಯವರೂ ಇಷ್ಟು ಅಚ್ಚುಕಟ್ಟಾಗಿ ಮಾಡುತ್ತಿರಲಿಲ್ಲ. ಹೊರಗೆ ಹೋಗುವ ದಾರಿಗಳ ಭಾಗ ಬಂತು. ಅಲ್ಲಿ "ಬಿಡು" ಎಂಬ ಆಜ್ಞೆಯಿತ್ತು, ಅದರ ಕೆಳಗೆ ಯಾವುದನ್ನು ಬಿಡಬೇಕೆಂಬ ಪಟ್ಟಿ, ಅಂದರೆ ಫಿಲ್ಟರ್, ಇರಲಿಲ್ಲ. ಪಟ್ಟಿ ಇಲ್ಲದೆ ಬಿಡು ಎಂದರೆ ರೂಟರಿನ ಪ್ರಕಾರ ಎಲ್ಲವನ್ನೂ ಬಿಡು ಎಂದರ್ಥ. ಹೊರಗಿನ ಬಾಗಿಲಿಗೆ ಚಿಲಕವೇ ಇಲ್ಲವಲ್ಲೋ ಎಂದು ಬೈಯಲು ಬಾಯಿ ತೆರೆದವಳು ಆ ಭಾಗದ ಹೆಸರು ಓದಿ ಸುಮ್ಮನಾದೆ.

ಇಂಥ ಭಾಗಗಳಿಗೆ ಬರೆಯುವವರು ತಮಗೆ ತೋಚಿದ ಹೆಸರು ಕೊಡಬಹುದು. ಎಲ್ಲರೂ ಇಂಗ್ಲಿಷಿನ ಒಂದೆರಡು ಪದ ಇಡುತ್ತಾರೆ. ಇಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಹೆಸರಿತ್ತು: "ಬಾಗಿಲು-ಹೊರಗೆ". ಮೇಲಿನದಕ್ಕೆ "ಬಾಗಿಲು-ಒಳಗೆ". ಮುಂಬಯಿಯಲ್ಲಿ ರೂಟರಿಗೆ ಹಾಗೆ ಹೆಸರಿಡುತ್ತಿದ್ದದ್ದು ಒಬ್ಬಳೇ, ಅದು ನಾನು.

ಇದನ್ನು ಎಲ್ಲಿಂದ ತಂದೆ ಎಂದು ಬಸವರಾಜನನ್ನು ಕೇಳಿದೆ. ನನ್ನ ದನಿ ಇಳಿದದ್ದು ಅವನಿಗೆ ಗೊತ್ತಾಯಿತೋ ಇಲ್ಲವೋ.

"ಇದು ಚೆಂಬೂರ್ ಫೈಲ್ ಅಂತಾರ್ರಿ. ನಮ್ ಲೈನ್ಯಾಗ ವಾಟ್ಸಾಪ್ ಮ್ಯಾಲ ಎಲ್ಲಾರ ಕಡೇನೂ ಐತಿ. ಯಾರೋ ಭಾಳ ದೊಡ್ಡ ಮಂದಿ ಬರದದ್ದಂತ್ರಿ. ಅದರಾಗ ತಪ್ಪ ಇರಂಗಿಲ್ಲ ಅಂತ ನಂಬಿದ್ನ್ರಿ."

ಎಂಟು ವರ್ಷದ ಹಿಂದೆ ಚೆಂಬೂರಿನಲ್ಲಿ ನಮ್ಮ ಕನ್ನಡ ಸಂಘದ ಹಾಲ್‌ನಲ್ಲಿ, ನಾಲ್ಕು ಭಾನುವಾರ, ಕೇಬಲ್ ಲೈನಿನ ಕೆಲಸಗಾರರಿಗೆ ನಾನು ಪಾಠ ಮಾಡಿದ್ದೆ. ಆಗ ಒಂದು ಮಾದರಿ ಫೈಲ್, ಅಂದರೆ ಟೆಂಪ್ಲೇಟ್, ಬರೆದು ಹಂಚಿದ್ದೆ. ಎಲ್ಲ ದಾರಿಗಳೂ ಕಣ್ಣಿಗೆ ಕಾಣಲಿ ಎಂದು ಹೊರಗಿನ ಬಾಗಿಲನ್ನು ಬೇಕೆಂದೇ ತೆರೆದಿಟ್ಟಿದ್ದೆ. ಅದರ ಮೇಲೆ ಎಚ್ಚರಿಕೆಯನ್ನೂ ಬರೆದಿದ್ದೆ. ಬರೆದಿದ್ದು ಖಂಡಿತ ನೆನಪಿತ್ತು. ಬಸವರಾಜನ ಫೈಲಿನಲ್ಲಿ ಅದು ಇರಲಿಲ್ಲ. ಫೈಲ್ ನನ್ನದೆಂದು ಬಾಯಿಬಿಡದೆ, ಒಂದು ಪ್ರತಿ ತೆಗೆದುಕೊಂಡು ಮನೆಗೆ ಬಂದೆ.

ಮಂಗಳವಾರ ಬೆಳಿಗ್ಗೆ ಹಳೇ ಲ್ಯಾಪ್‌ಟಾಪ್ ಹುಡುಕಿ ಮೂಲ ಫೈಲ್ ತೆರೆದೆ. ಸಾಲು ಅಲ್ಲೇ ಇತ್ತು: "ಇದು ಪಾಠಕ್ಕೆ ಮಾತ್ರ. ನಿಜವಾದ ಲಿಂಕಿಗೆ ಹಾಕುವ ಮೊದಲು ಇಲ್ಲಿ ಫಿಲ್ಟರ್ ಬರೆಯಲೇಬೇಕು." ಸಾಲಿನ ಮೊದಲಿಗೆ ಒಂದು ಆಶ್ಚರ್ಯಸೂಚಕ ಚಿಹ್ನೆ. ಆ ಚಿಹ್ನೆಯಿಂದ ಶುರುವಾಗುವ ಸಾಲು ಮನುಷ್ಯರಿಗೆ ಮಾತ್ರ. ರೂಟರ್ ಅದನ್ನು ಓದುವುದೂ ಇಲ್ಲ, ಉಳಿಸಿಕೊಳ್ಳುವುದೂ ಇಲ್ಲ. ನನ್ನ ಬಳಿ ಅಭ್ಯಾಸಕ್ಕೆಂದು ಒಂದು ಹಳೇ ರೂಟರ್ ಇದೆ. ಅದಕ್ಕೆ ಫೈಲ್ ಹಾಕಿ, ಸೇವ್ ಮಾಡಿ, ಮತ್ತೆ ಹೊರತೆಗೆದು ನೋಡಿದೆ. ಆಜ್ಞೆಗಳೆಲ್ಲ ಇದ್ದವು. ನಾನು ಇಟ್ಟ ಹೆಸರುಗಳಿದ್ದವು. ಎಚ್ಚರಿಕೆಯ ಸಾಲು ಮಾತ್ರ ಮಾಯ.

ಅಲ್ಲಿಗೆ ಎಲ್ಲ ಅರ್ಥವಾಯಿತು. ಪಾಠಕ್ಕೆ ಬಂದ ಯಾರೋ ಒಬ್ಬರು ಫೈಲನ್ನು ರೂಟರಿಗೆ ಹಾಕಿದ್ದಾರೆ. ಮುಂದಿನವರು ಕೇಳಿದಾಗ ನನ್ನ ಫೈಲ್ ಹುಡುಕುವ ಬದಲು ರೂಟರಿನಿಂದಲೇ ತೆಗೆದುಕೊಟ್ಟಿದ್ದಾರೆ. ನಮ್ಮ ಲೈನಿನಲ್ಲಿ ಎಲ್ಲರೂ ಮಾಡುವುದು ಅದನ್ನೇ. ರೂಟರ್ ಹೀಗೆ ಮಾಡುತ್ತದೆ ಎಂಬುದು ನನಗೆ ಇಪ್ಪತ್ತೇಳು ವರ್ಷದಿಂದ ಗೊತ್ತಿತ್ತು. ಆ ನಾಲ್ಕು ಭಾನುವಾರಗಳಲ್ಲಿ ಒಂದರಲ್ಲಿ ಅದನ್ನೇ ಪಾಠವಾಗಿಯೂ ಹೇಳಿದ್ದೆ.

ಆಮೇಲೆ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಇಡೀ ಮಧ್ಯಾಹ್ನ ಕೂತು ಒಂದು ವರದಿ ತಯಾರಿಸಿದೆ. "ಹೊರ ಫಿಲ್ಟರ್ ಇಲ್ಲದ ಟೆಂಪ್ಲೇಟ್ ಒಂದನ್ನು ಎಂಜಿನಿಯರ್ ಪರಿಶೀಲಿಸದೆ ಬಳಸಿದ್ದರಿಂದ" ಎಂದು ಶುರುವಾಗುತ್ತಿತ್ತು. ಒಂದೊಂದು ವಾಕ್ಯವೂ ಸತ್ಯ. ನಾನು ಮಾತ್ರ ಅದರಲ್ಲಿ ಎಲ್ಲೂ ಇರಲಿಲ್ಲ. ಫೈಲ್ ಯಾರದೆಂದು ಬಸವರಾಜನಿಗಾಗಲಿ ಸದಾನಂದನಿಗಾಗಲಿ ಗೊತ್ತಿಲ್ಲ, ನಾನಾಗಿ ಹೇಳದಿದ್ದರೆ ಗೊತ್ತಾಗುವ ದಾರಿಯೂ ಇಲ್ಲ. ಎಚ್ಚರಿಕೆ ಬರೆದಿದ್ದೆನಲ್ಲ, ಇನ್ನೇನು ಮಾಡಬೇಕಿತ್ತು ಎಂದು ನನಗೆ ನಾನೇ ಹೇಳಿಕೊಂಡು ಚಹಾ ಕುಡಿದೆ.

ಬುಧವಾರ ಬೆಳಿಗ್ಗೆ ಬಸವರಾಜ ಫೋನ್ ಮಾಡಿದ. ಕೆಲಸ ಉಳಿಸಿಕೊಡಿ ಎಂದು ಕೇಳುತ್ತಾನೆ ಎಂದುಕೊಂಡೆ.

"ಕೆಲಸ ಹೋದ್ರ ಹೋಗ್ಲಿರಿ ಮೇಡಂ, ಎಲ್ಲ್ಯರ ಗುಂಡಿ ತೋಡಿ ಬದುಕ್ತೀನಿ. ಆ ಕಾಗದದಾಗ ನನ್ನ ಹೆಸರೊಂದು ಬರೀಬ್ಯಾಡ್ರಿ. ಬರದ್ರಂದ್ರ ಮುಂಬೈನಾಗ ಮತ್ತ ಯಾರೂ ನನಗ ರೂಟರ್ ಮುಟ್ಟಾಕ ಕೊಡಂಗಿಲ್ರಿ. ಹದಿನೈದು ವರ್ಷ ಆತ್ರಿ ಅಲ್ಲೀಮಟ ಬರಾಕ."

ಆಯಿತು ನೋಡೋಣ ಎಂದಷ್ಟೇ ಹೇಳಿ ಫೋನ್ ಇಟ್ಟೆ. ತನ್ನ ತಪ್ಪಿಲ್ಲವೆಂದು ಅವನು ಹೇಳಲಿಲ್ಲ, ಫೈಲ್ ಬರೆದವರನ್ನು ಬೈಯಲೂ ಇಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಸಂಜೆಯ ಹೊತ್ತಿಗೆ ವರದಿಯನ್ನು ಅಳಿಸಿ ಮೊದಲಿಂದ ಬರೆದೆ.

ಗುರುವಾರ ಹನ್ನೊಂದಕ್ಕೆ ಪರೇಲ್‌ನಲ್ಲಿ ನಾಲ್ವರು ಸೇರಿದೆವು. ಹಳೇ ಮಿಲ್ ಇದ್ದ ಜಾಗದಲ್ಲಿ ಎದ್ದ ಗಾಜಿನ ಕಟ್ಟಡ. ಎಕ್ಸ್‌ಚೇಂಜಿನ ಕಡೆಯಿಂದ ಕಾರ್ಯಾಚರಣೆಯ ಮುಖ್ಯಸ್ಥ ಜೋಶಿ. ಮೆಲುದನಿಯ ಮರಾಠಿ ಮನುಷ್ಯ. ನನ್ನ ಹಳೇ ಕೆಲಸದ ದಿನಗಳಿಂದ ಬಲ್ಲವರು. ಬಸವರಾಜನನ್ನು ಸದಾನಂದ ಕರೆತಂದಿದ್ದ, ಆದರೆ ಕೂರು ಎಂದಿರಲಿಲ್ಲ. ಅವನು ಬಾಗಿಲ ಬಳಿ ನಿಂತಿದ್ದ. ಸದಾನಂದನೇ ಮೊದಲು ತನ್ನ ಪತ್ರ ತೆಗೆದು, ಹೊಣೆಗೇಡಿ ನೌಕರನನ್ನು ಈ ದಿನದಿಂದ ತೆಗೆದುಹಾಕಲಾಗಿದೆ ಎಂದು ಓದಿದ. ಜೋಶಿ ನನ್ನ ಕಡೆ ತಿರುಗಿದರು. ನಾನು ವರದಿಯನ್ನು ಅವರ ಮುಂದಿಟ್ಟು, ಮೊದಲ ಸಾಲನ್ನು ಬಾಯಲ್ಲೇ ಹೇಳಿದೆ.

"ಈ ಟೆಂಪ್ಲೇಟ್ ಬರೆದವಳು ನಾನು."

ಪಾಠ, ಫೈಲ್, ತೆರೆದಿಟ್ಟ ಬಾಗಿಲು, ರೂಟರ್ ನುಂಗಿದ ಸಾಲು, ಎಲ್ಲವನ್ನೂ ಹೇಳಿದೆ. ಎಚ್ಚರಿಕೆಯನ್ನು ಅದು ಉಳಿಯದ ಜಾಗದಲ್ಲಿ ಬರೆದದ್ದು ನನ್ನ ತಪ್ಪು, ಹೊರಗೆ ಹೋಗುವುದನ್ನು ಪರೀಕ್ಷಿಸದೆ ಇದ್ದದ್ದು ಸದಾನಂದನ ಕಂಪನಿಯ ತಪ್ಪು, ಮಿತಿಯೇ ಇಲ್ಲದೆ ನಂಬಿದ್ದು ಆಸ್ಪತ್ರೆಗೆ ಸಂಪರ್ಕ ಕೊಟ್ಟಿದ್ದ ಕಂಪನಿಯ ತಪ್ಪು ಎಂದು ವರದಿಯಲ್ಲಿ ಅನುಕ್ರಮವಾಗಿ ಬರೆದಿದ್ದೆ. ಜೋಶಿ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ನಾನು ಯೋಚಿಸಿಯೇ ಇರದ ಪ್ರಶ್ನೆ ಕೇಳಿದರು. ಈ ಫೈಲ್ ಇನ್ನೂ ಎಷ್ಟು ರೂಟರುಗಳಲ್ಲಿದೆ?

ನನಗೆ ಗೊತ್ತಿರಲಿಲ್ಲ. ಸದಾನಂದನಿಗೂ ಗೊತ್ತಿರಲಿಲ್ಲ. ಬಾಗಿಲ ಬಳಿಯಿಂದ ಬಸವರಾಜ ತನ್ನ ಮುರುಕು ಹಿಂದಿಯಲ್ಲಿ, ತಾನು ಕೈಯಾರೆ ಹಾಕಿಕೊಟ್ಟದ್ದು ಏಳು ಕಡೆ, ಇನ್ನು ಐದು ಕಡೆ ಯಾರು ಹಾಕಿದ್ದಾರೆಂದು ಗೊತ್ತು ಎಂದ. ಕಾಂದಿವಲಿ, ಮೀರಾ ರೋಡ್, ಡೊಂಬಿವಲಿ ಎಂದು ಒಂದೊಂದಾಗಿ ಹೆಸರು ಹೇಳಿದ. ಜೋಶಿ ಬರೆದುಕೊಂಡರು. ಬರೆದು ಮುಗಿಸಿ ಸದಾನಂದನಿಗೆ, ಈ ಹನ್ನೆರಡು ಬಾಗಿಲು ಎಲ್ಲಿವೆ ಎಂದು ಗೊತ್ತಿರುವ ಒಬ್ಬನೇ ಮನುಷ್ಯನನ್ನು ನೀವು ಇವತ್ತು ತೆಗೆಯುತ್ತಿದ್ದೀರಾ ಎಂದು ತಣ್ಣಗೆ ಕೇಳಿದರು. ಸದಾನಂದ ಪತ್ರವನ್ನು ಮಡಚಿ ಕಿಸೆಯಲ್ಲಿಟ್ಟ.

ತೀರ್ಮಾನ ಸರಳವಾಗಿತ್ತು. ಪೋರ್ಟನ್ನು ಎರಡು ದಿನ ಉಳಿದವರಿಂದ ಬೇರೆಯಾಗಿಟ್ಟು ಪರೀಕ್ಷಿಸಿ, ಸರಿಯಿದ್ದರೆ ತೆರೆಯುತ್ತಾರೆ. ಹನ್ನೆರಡು ರೂಟರುಗಳನ್ನು ಹದಿನೈದು ದಿನದಲ್ಲಿ ನಾನೂ ಬಸವರಾಜನೂ ಹೋಗಿ ಸರಿಪಡಿಸಬೇಕು.

ಲಿಫ್ಟಿನಲ್ಲಿ ಸದಾನಂದ ಮುಖ ಊದಿಸಿಕೊಂಡಿದ್ದ. "ಮೊದ್ಲೇ ಹೇಳ್ಬಹುದಿತ್ತು ಅಕ್ಕ. ನಾನು ಆ ಕಾಗದ ಓದಿ ಸಣ್ಣವನಾದೆ," ಎಂದ. ಅವನು ಹೇಳಿದ್ದು ಸರಿ. ನನಗೆ ಧೈರ್ಯ ಬಂದದ್ದು ಬುಧವಾರ ಸಂಜೆಗೆ ಎಂದು ಹೇಳಿದೆ. ಬಸವರಾಜ ಕೆಳಗೆ ರಸ್ತೆಗೆ ಬಂದ ಮೇಲೆ ನನ್ನ ಕೈಯಿಂದ ಲ್ಯಾಪ್‌ಟಾಪ್ ಚೀಲ ತೆಗೆದುಕೊಂಡು ಸ್ಟೇಷನ್‌ವರೆಗೂ ಹಿಡಿದು ನಡೆದ.

ಮುಂದಿನ ಮಂಗಳವಾರ ಮಧ್ಯಾಹ್ನ, ಆಸ್ಪತ್ರೆಯ ಓಪಿಡಿ ಮುಗಿದ ಮೇಲೆ, ಪೋರ್ಟ್ ಮತ್ತೆ ಚಾಲೂ ಆಯಿತು. ಸದಾನಂದ ಈ ಸಲವೂ ಭಟ್ಟರನ್ನು ಕೇಳಿಯೇ ಬಂದಿದ್ದ. ಕಾಯಿ ಒಡೆಯುವುದು ಹೊರಗಿನ ಲೆಕ್ಕ ನೋಡಿದ ಮೇಲೆ ಎಂದು ನಾನು ಷರತ್ತು ಹಾಕಿದೆ. ಬಸವರಾಜ ಟೈಪ್ ಮಾಡಿದ, ನಾನು ಕೈಕಟ್ಟಿ ಕೂತೆ. ಹೊರಗೆ ಸಾರುತ್ತಿರುವ ದಾರಿಗಳೆಷ್ಟು ಎಂದು ರೂಟರನ್ನು ಕೇಳಿದ. ಹದಿನಾಲ್ಕು ಎಂದು ಬಂತು. ಇನ್ನೊಮ್ಮೆ ಕೇಳಿದ, ಹದಿನಾಲ್ಕೇ. ಕಾಯಿ ಒಡೆದೆವು. ನನಗೆ ಸಕ್ಕರೆ ಕಾಯಿಲೆ, ಆದರೂ ಒಂದು ಪೇಢೆ ತಿಂದೆ.

ಹದಿನೈದು ದಿನ ನಾವಿಬ್ಬರೂ ಲೋಕಲ್ ಹತ್ತಿ ಇಳಿದು ಹನ್ನೆರಡು ಕಡೆ ತಿರುಗಿದೆವು. ಒಂಬತ್ತು ಕಡೆ ಬಾಗಿಲು ತೆರೆದೇ ಇತ್ತು. ಅವರ ಅದೃಷ್ಟವೋ ನಮ್ಮದೋ, ಅವರಿನ್ನೂ ಎಕ್ಸ್‌ಚೇಂಜಿಗೆ ಸೇರಿರಲಿಲ್ಲ. ನನ್ನ ಕಥೆ ಲೈನಿನಲ್ಲೆಲ್ಲ ಹರಡಿ ಎರಡು ಕಂಪನಿಗಳು ಸಲಹೆಗೆ ಕರೆಯುವುದನ್ನು ನಿಲ್ಲಿಸಿದವು. ಬೇಸರವಾಯಿತು, ಸುಳ್ಳೇಕೆ ಹೇಳಲಿ. ಎಚ್ಚರಿಕೆ ಕೊಟ್ಟೆ ಎಂಬ ಸಮಾಧಾನದಲ್ಲಿ ನಾನು ಎಂಟು ವರ್ಷ ಹಾಯಾಗಿದ್ದೆ. ಅದು ಮುಂದಿನವನಿಗೆ ತಲುಪಿತೇ ಎಂದು ಒಮ್ಮೆಯೂ ನೋಡಿರಲಿಲ್ಲ. ಒಳಗೆ ಬಂದದ್ದನ್ನು ಮಾತ್ರ ನೋಡಿದ ಬಸವರಾಜನಿಗೂ, ಬರೆದು ಕೈತೊಳೆದುಕೊಂಡ ನನಗೂ ಬಹಳ ವ್ಯತ್ಯಾಸವಿರಲಿಲ್ಲ. ಕಳಿಸಿದ್ದು ಆ ತುದಿಗೆ ಮುಟ್ಟಿತೇ ಎಂದು ನೋಡುವವರೆಗೆ ಕೆಲಸ ಮುಗಿದಿಲ್ಲ ಎಂಬುದನ್ನು ಈ ವೃತ್ತಿ ನನಗೆ ನಿವೃತ್ತಿಯ ನಂತರ ಕಲಿಸಿತು.

ಕಳೆದ ವರ್ಷ ನವಿ ಮುಂಬಯಿಯ ಒಂದು ಕಂಪನಿ ಬೇರೆ ಯಾವುದೋ ತೊಂದರೆಗೆ ನನ್ನನ್ನು ಕರೆಯಿತು. ನಾವಿಬ್ಬರೂ ಹೋಗಿರದ ಜಾಗ. ಅಲ್ಲಿನ ರೂಟರಿನಲ್ಲೂ "ಬಾಗಿಲು-ಹೊರಗೆ" ಇತ್ತು, ಕೆಳಗೆ ಫಿಲ್ಟರ್ ಪಟ್ಟಿಯೂ ಇತ್ತು. ಹೊಸದೊಂದು ಸಾಲೂ ಇತ್ತು. ರೂಟರಿನಲ್ಲಿ ವಿವರಣೆಗೆಂದು ಒಂದು ಆಜ್ಞೆಯಿದೆ. ಅದರಲ್ಲಿ ಬರೆದದ್ದನ್ನು ಯಂತ್ರ ಎಸೆಯುವುದಿಲ್ಲ, ಎಷ್ಟು ಸಲ ನಕಲು ಮಾಡಿದರೂ ಜೊತೆಗೇ ಹೋಗುತ್ತದೆ. ಇದು ಯಾವ ಭಾಷೆಯೋ ತನಗೆ ತಿಳಿಯದು, ಇದನ್ನು ಅಳಿಸಬೇಡಿ ಎಂದು ಫೈಲ್ ಕೊಟ್ಟವರು ಹೇಳಿದ್ದರು ಎಂದು ಅಲ್ಲಿನ ಎಂಜಿನಿಯರ್ ಹುಡುಗಿ ಹಿಂದಿಯಲ್ಲಿ ಹೇಳಿದಳು. ನಾನು ಕನ್ನಡಕ ಏರಿಸಿಕೊಂಡು ಓದಿದೆ.

"ಫಿಲ್ಟರ್ ಇಲ್ಲದ ಹಚ್ಚಬ್ಯಾಡ್ರಿ. ತಿಳೀಲಿಲ್ಲಂದ್ರ ಗೋರೆಗಾಂವ್ ಬಸವರಾಜನ್ನ ಕೇಳ್ರಿ."